ಪ್ಲಗ್ ಹಾಕುವ ಮುಂಚೆ

ಹೋದ ತಿಂಗಳು ಈ ಅಂಕಣದಲ್ಲಿ ವಾಲ್ವ್ ರೇಡಿಯೊ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಕೆಲವರು 'ನಮ್ಮ ಮನೆಯಲ್ಲಿ ಹಳೆ ಕಂಪ್ಯೂಟರ್ ಇದೆ, ಅದರದ್ದೂ ಸ್ವಲ್ಪ ಹೇಳಿ' ಅಂತ ಪತ್ರ ಬರೆದಿದ್ದಾರೆ. ಎಲ್ಲವೂ ನಮ್ಮ ಕಡೆಯವೇ: ಕಲಬುರಗಿ, ಬಸವಕಲ್ಯಾಣ, ಯಾದಗಿರಿ, ಸೇಡಂ, ಚಿತ್ತಾಪುರ. ನಮ್ಮ ಊರುಗಳ ಅಟ್ಟ, ಅಲ್ಮೇರಾಗಳಲ್ಲಿ ಇಷ್ಟೊಂದು ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಓದಿ ತುಂಬಾ ಖುಷಿಯಾಯಿತು. ಆದ್ದರಿಂದ ಈ ಸಲ ಪೂರ್ತಿ ಅದೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. 1980ರ ದಶಕದಲ್ಲಿ ನಮ್ಮ ಶಾಲೆಗೆ ಸರ್ಕಾರದಿಂದ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದಿದ್ದವು. ಆಮೇಲೆ ಅವು ಮೂಲೆ ಸೇರಿದವು. ಹರಾಜು ಹಾಕಿದಾಗ ಒಂದನ್ನು ನಾನೇ ತಗೊಂಡೆ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಆಯಿತು, ಹಳೆ ಸೀರೆ ಸುತ್ತಿ ಅಲ್ಮೇರಾ ಮೇಲೆ ಇಟ್ಟಿದ್ದೇನೆ. ಮಕ್ಕಳಿಗೆ ಕನ್ನಡ ಅಕ್ಷರ ತೋರಿಸಲು ಆಗ ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ, ಅದು ಕ್ಯಾಸೆಟ್‌ನಲ್ಲಿದೆ. ಈಗ ಮೊಮ್ಮಗಳು ಅದನ್ನು ನೋಡಲೇಬೇಕು ಅಂತಾಳೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹುಡುಗ 'ಸುಮ್ನೆ ಪ್ಲಗ್ ಹಾಕಿ ನೋಡೋಣ' ಅಂತಾನೆ. ಹಾಕಬಹುದಾ? (ಕಲಬುರಗಿಯಿಂದ)

ಉತ್ತರ: ಅಕ್ಕೋರೇ, ದಯವಿಟ್ಟು ಹಾಕಬೇಡಿ. ಆ ಹುಡುಗನಿಗೂ ಈ ಪುಟ ಓದಲು ಕೊಡಿ.

ಮೊದಲು ನಿಮ್ಮ ಹತ್ತಿರ ಇರುವುದು ಏನು ಅಂತ ಹೇಳುತ್ತೇನೆ, ಮೊಮ್ಮಗಳಿಗೂ ಗೊತ್ತಾಗಲಿ. ಬಿಬಿಸಿ ಮೈಕ್ರೊ ಇಂಗ್ಲೆಂಡಿನ ಏಕಾರ್ನ್ ಕಂಪನಿಯದು. 1981ರ ಡಿಸೆಂಬರ್‌ನಲ್ಲಿ ಬಂತು. ಒಳಗೆ 6502 ಪ್ರೊಸೆಸರ್, ವೇಗ 2 ಮೆಗಾಹರ್ಟ್ಜ್, ಮೆಮೊರಿ 32 ಕೆ. ನಮ್ಮ ದೇಶದಲ್ಲಿ 1984-85ರಲ್ಲಿ 'ಕ್ಲಾಸ್' ಅನ್ನುವ ಯೋಜನೆ ಶುರುವಾಯಿತು, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಯೋಜನೆ ಅದು. ಅದಕ್ಕೆ ಆರಿಸಿದ್ದು ಇದೇ ಯಂತ್ರವನ್ನು. ಅಂದರೆ ನಮ್ಮ ಭಾಗದ ಎಷ್ಟೋ ಮಕ್ಕಳು ಜೀವನದಲ್ಲಿ ಮೊದಲ ಸಲ ಮುಟ್ಟಿದ ಕಂಪ್ಯೂಟರ್ ಇದು. ಅದನ್ನು ಹರಾಜಿನಲ್ಲಿ ಗುಜರಿಗೆ ಹೋಗದ ಹಾಗೆ ಉಳಿಸಿದ್ದೀರಿ, ನಿಮಗೆ ನನ್ನ ನಮಸ್ಕಾರ.

ಈಗ ಪ್ಲಗ್ ಯಾಕೆ ಬೇಡ ಅಂತ. ಈ ಯಂತ್ರದ ಎಡಗಡೆ ಒಂದು ತಗಡಿನ ಡಬ್ಬಿ ಇದೆ, ಅದೇ ಪವರ್ ಸಪ್ಲೈ. ಅದರಲ್ಲಿ ಕರೆಂಟು ಒಳಗೆ ಬರುವ ಜಾಗದಲ್ಲೇ ಎರಡು ಚಿಕ್ಕ ಕಂಡೆನ್ಸರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಇರುತ್ತವೆ, ರೀಫಾ ಕಂಪನಿಯವು. ನೋಡಲು ಜೇನುತುಪ್ಪದ ಬಣ್ಣದ ಪಾರದರ್ಶಕ ಚೌಕ, ಒಳಗೆ ಮಡಿಸಿದ ಕಾಗದ ಕಾಣುತ್ತದೆ. ವರ್ಷಗಳು ಕಳೆದ ಹಾಗೆ ಆ ಚೌಕದ ಮೈಮೇಲೆ ಕೂದಲಿನಷ್ಟು ಸಣ್ಣ ಬಿರುಕು ಬೀಳುತ್ತವೆ, ಬೇಸಿಗೆಯಲ್ಲಿ ಕೆರೆಯ ತಳದ ಕರಿಮಣ್ಣು ಬಿರಿದ ಹಾಗೆ. ಮಳೆಗಾಲದ ತೇವ ಆ ಬಿರುಕಿನಿಂದ ಒಳಗಿನ ಕಾಗದಕ್ಕೆ ಇಳಿಯುತ್ತದೆ. ಆಮೇಲೆ 230 ವೋಲ್ಟ್ ಕೊಟ್ಟರೆ ಮೊದಲು ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಐದು ನಿಮಿಷಕ್ಕೋ ಅರ್ಧ ಗಂಟೆಗೋ 'ಟಪ್' ಅಂತ ಒಡೆದು ಹೊಗೆ ಬರುತ್ತದೆ.

ನಮ್ಮ ಮನೆಯಲ್ಲೇ ಇದು ಆಗಿದೆ. ಯಂತ್ರ ಆನ್ ಆಯಿತು, ಪರದೆ ಬಂತು, ನಾನು ಖುಷಿಯಲ್ಲಿ ಮಗನನ್ನು ಕರೆದೆ. ಅವನು ಬಂದು ಕೂರುವಷ್ಟರಲ್ಲಿ ಹಿಂದಿನ ಜಾಲರಿಯಿಂದ ದಟ್ಟ ಬಿಳಿ ಹೊಗೆ. ಸುಟ್ಟ ಕಾಗದ, ಸುಟ್ಟ ಮೀನು ಎರಡೂ ಸೇರಿದ ಹಾಗೆ ವಾಸನೆ, ಮೂರು ದಿನ ಕಿಟಕಿ ತೆಗೆದಿಟ್ಟರೂ ಹೋಗಲಿಲ್ಲ. ಯಂತ್ರಕ್ಕೆ ಏನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಹೊಗೆ ಬರುವಾಗಲೂ ಓಡುತ್ತಲೇ ಇತ್ತು. ಆದರೆ ನಿಮ್ಮ ಮೊಮ್ಮಗಳು ಪಕ್ಕದಲ್ಲಿ ಕೂತಿರುವಾಗ ಹಾಗಾಗುವುದು ಬೇಡ.

ಆದರೆ ಅಕ್ಕೋರೇ, ಯಂತ್ರಕ್ಕಿಂತ ಮೊದಲು ಕ್ಯಾಸೆಟ್. ಇದನ್ನು ಒತ್ತಿ ಹೇಳುತ್ತೇನೆ. ಬಿಬಿಸಿ ಮೈಕ್ರೊ ಹಾಳಾದರೆ ಇನ್ನೊಂದು ಸಿಗಬಹುದು, ಅದರ ಐಸಿಗಳು, ಅಂದರೆ ಚಿಪ್‌ಗಳು, ಸಿಗುತ್ತವೆ. ನಿಮ್ಮ ಅಕ್ಷರದ ಪ್ರೋಗ್ರಾಂ ಜಗತ್ತಿನಲ್ಲಿ ಅದೊಂದೇ ಕ್ಯಾಸೆಟ್‌ನಲ್ಲಿದೆ. ಮತ್ತೆ ಕ್ಯಾಸೆಟ್ ಉಳಿಸಲು ಕಂಪ್ಯೂಟರೇ ಬೇಕಾಗಿಲ್ಲ, ಅದರಲ್ಲಿ ಇರುವುದು ಬರೀ ಶಬ್ದ. 1200 ಮತ್ತು 2400 ಹರ್ಟ್ಜ್, ಎರಡೇ ಸ್ವರ. ಆ ಶಬ್ದವನ್ನು ಶುದ್ಧವಾಗಿ ಇವತ್ತಿನ ಲ್ಯಾಪ್‌ಟಾಪ್‌ಗೆ ತುಂಬಿಸಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳಕು ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಹಾಗಿದ್ದರೆ ಓಡಿಸಲೇ ಬೇಡಿ, ನನಗೆ ಇನ್ನೊಂದು ಪತ್ರ ಬರೆಯಿರಿ. ಬೂಷ್ಟು ಇಲ್ಲದಿದ್ದರೆ ಕೆಳಗಿನ ಬಾಯಲ್ಲಿ ಒಂದು ಚಿಕ್ಕ ಸ್ಪಂಜಿನ ತುಂಡು ಇದೆಯಾ ನೋಡಿ. ಟೇಪನ್ನು ರೆಕಾರ್ಡರಿನ ಹೆಡ್ಡಿಗೆ (ಟೇಪ್ ಓದುವ ಭಾಗಕ್ಕೆ) ಒತ್ತಿ ಹಿಡಿಯುವುದು ಅದೇ, ಎಷ್ಟೋ ಹಳೆ ಕ್ಯಾಸೆಟ್‌ಗಳಲ್ಲಿ ಅಂಟು ಬಿಟ್ಟು ಉದುರಿರುತ್ತದೆ. ಉದುರಿದ್ದರೆ ಬೇರೆ ಕ್ಯಾಸೆಟ್‌ನದು ತೆಗೆದು ಅಂಟಿಸಬಹುದು. ಆಮೇಲೆ ಮನೆಯ ಹಳೆ ಟೇಪ್ ರೆಕಾರ್ಡರ್. ಅದರ ರಬ್ಬರ್ ಬೆಲ್ಟ್ ಈಗ ಡಾಂಬರಿನ ಹಾಗೆ ಕರಗಿರುವ ಸಾಧ್ಯತೆ ಜಾಸ್ತಿ. ಹೊಸ ಬೆಲ್ಟ್ ಹಾಕಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಒಣಗಿದ ಮೇಲೆ ಮೊದಲು ಬೇಡದ ಒಂದು ಕ್ಯಾಸೆಟ್ ಪೂರ್ತಿ ಓಡಿಸಿ. ಟೇಪ್ ಸಿಕ್ಕಿಹಾಕಿಕೊಳ್ಳದೆ ಎರಡೂ ಬದಿ ಓಡಿದರೆ ಮಾತ್ರ ನಿಮ್ಮದನ್ನು ಹಾಕಿ, ಒಂದು ಸಲ ಪೂರ್ತಿ ಮುಂದೆ ಸುತ್ತಿ, ಪೂರ್ತಿ ಹಿಂದೆ ಸುತ್ತಿ, ಆಮೇಲೆ ಪ್ಲೇ.

ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ವೈರ್ ಎಳೆದು ಲ್ಯಾಪ್‌ಟಾಪಿನ ಮೈಕ್ ಅಥವಾ ಲೈನ್ ಇನ್‌ಗೆ ಕೊಡಿ. ವೇವ್ ಫೈಲಾಗಿ ಉಳಿಸಿ, 44.1 ಕಿಲೋಹರ್ಟ್ಜ್, ಮೊನೊ ಸಾಕು. ಎಂಪಿ3 ಮಾಡಬೇಡಿ. ಅದು ಕಿವಿಗೆ ಕೇಳಿಸದ್ದನ್ನು ಕತ್ತರಿಸಿ ಹಾಕುತ್ತದೆ, ಕಂಪ್ಯೂಟರಿಗೆ ಅದೂ ಬೇಕಾಗಬಹುದು. ಕೇಳಲು ಹೇಗಿರಬೇಕು ಅಂದರೆ, ಮೊದಲು ಒಂದೇ ಸಮನೆ 'ಕೀ' ಅಂತ ಉದ್ದ ಸ್ವರ, ಆಮೇಲೆ ಮಿಡತೆಗಳು ಒಟ್ಟಿಗೆ ಕಿರುಚಿದ ಹಾಗೆ ಗರಗರ, ನಡುವೆ ಮತ್ತೆ ಆಗಾಗ ಚೂರು 'ಕೀ'. ಶಬ್ದ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ನಿಧಾನವಾಗಿ ತಿರುಗಿಸಿ, ಅತಿ ಹರಿತವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಈ ಒಂದು ಸ್ಕ್ರೂ ಸರಿ ಮಾಡಿದ್ದಕ್ಕೇ ಎದ್ದು ಬಂದ ಟೇಪುಗಳನ್ನು ನಾನು ನೋಡಿದ್ದೇನೆ.

ಇನ್ನು ಯಂತ್ರ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಹಿಂದೆ ಎರಡು, ಕೆಳಗೆ ಎರಡು, ಪಕ್ಕದಲ್ಲಿ 'ಫಿಕ್ಸ್' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ತೆಗೆದರೆ ತೊಗರಿ ರಾಶಿಯ ಕಾಲದ ಧೂಳು, ಜಿರಳೆ ಹಿಕ್ಕೆ, ಹಲ್ಲಿ ಮೊಟ್ಟೆಯ ಚಿಪ್ಪು ಎಲ್ಲ ಸಿಗುತ್ತದೆ, ಗಾಬರಿ ಬೇಡ. ಒಣ ಬ್ರಷ್ಷಿನಿಂದ ತೆಗೆಯಿರಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ನೀವೂ ತೆಗೆಯಬೇಡಿ, ಆ ಹುಡುಗನೂ ತೆಗೆಯುವುದು ಬೇಡ. ಹಳೆ ಡಬ್ಬಾ ಟಿವಿ ರಿಪೇರಿ ಮಾಡಿದ ಕೈ ಬೇಕು ಇದಕ್ಕೆ. ಕಲಬುರಗಿಯಲ್ಲಿ ಅಂಥವರು ಇನ್ನೂ ಇದ್ದಾರೆ, ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿದರೆ ಯಾರಾದರೂ ತೋರಿಸುತ್ತಾರೆ. ಒಳಗಿನ ದೊಡ್ಡ ಕಂಡೆನ್ಸರ್ ಸುಮಾರು 325 ವೋಲ್ಟ್ ಡಿಸಿ ತುಂಬಿಕೊಂಡಿರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಮೀಟರ್ ಹಿಡಿದು ನೋಡದೆ ಕೈ ಹಾಕಬಾರದು ಅಂತ ಅವರಿಗೆ ಗೊತ್ತಿರುತ್ತದೆ. ನೀವು ಹೇಳಬೇಕಾದ್ದು ಇಷ್ಟೇ: ರೀಫಾ ಎರಡನ್ನೂ ತೆಗೆದು ಅದೇ ಅಳತೆಯ ಹೊಸ 'ಎಕ್ಸ್2' ದರ್ಜೆಯ ಕಂಡೆನ್ಸರ್ ಹಾಕಿ, 275 ವೋಲ್ಟ್ ಎಸಿ ಅಂತ ಮೈಮೇಲೆ ಬರೆದಿರಬೇಕು. ಒಂದು 100 ನ್ಯಾನೊಫ್ಯಾರಡ್, ಇನ್ನೊಂದು 10. ಎಕ್ಸ್2 ಅಲ್ಲದೆ ಬೇರೆ ಸಾಮಾನ್ಯ ಕಂಡೆನ್ಸರ್ 'ನಡೆಯುತ್ತೆ ಬಿಡ್ರಿ' ಅಂದರೆ ಒಪ್ಪಬೇಡಿ. ಮೆಯಿನ್ಸ್ ಲೈನಿನ ಮೇಲೆ ಅದು ಬೆಂಕಿಯ ಪ್ರಶ್ನೆ.

ಆಮೇಲೂ ನೇರ ಪ್ಲಗ್ ಬೇಡ, ಸೀರೀಸ್ ಬಲ್ಬ್ ಹಾಕಿ, ಅಂದರೆ ಕರೆಂಟು ಒಂದು ಬಲ್ಬಿನ ಮೂಲಕವೇ ಯಂತ್ರಕ್ಕೆ ಹೋಗಲಿ. ಮೆಕ್ಯಾನಿಕ್ ಹತ್ತಿರ ಹಲಗೆಯ ಮೇಲೆ ಹೋಲ್ಡರ್, ಸಾಕೆಟ್ ಜೋಡಿಸಿದ್ದು ಇರುತ್ತದಲ್ಲ, ಅದೇ. 100 ವ್ಯಾಟಿನ ಹಳೆ ತಂತಿ ಬಲ್ಬೇ ಬೇಕು, ಎಲ್ಇಡಿ ಬಲ್ಬ್ ಇದಕ್ಕೆ ಬಾರದು. ಬಲ್ಬ್ ಒಮ್ಮೆ ಪಳ್ ಅಂತ ಮಿಂಚಿ ಮಂದವಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಮೊದಲ ಸಲ ಬೋರ್ಡಿಗೆ ಹೋಗುವ ವೈರ್‌ಗಳನ್ನು ಬಿಚ್ಚಿಟ್ಟು, ಅವುಗಳ ಬದಲಿಗೆ ಬೈಕಿನ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬನ್ನು ಕೆಂಪು-ಕಪ್ಪು ವೈರ್‌ಗೆ ಕಟ್ಟಿ. ಬಲ್ಬ್ ಮಂಕಾಗಿ ಉರಿಯುತ್ತದೆ, ಮೀಟರಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ನೇರಳೆ ವೈರಿನಲ್ಲಿ ಮೈನಸ್ 5. ಇದು ಸರಿ ಇದ್ದರೆ ಮಾತ್ರ ಬೋರ್ಡಿಗೆ ಜೋಡಿಸಿ. ಅಂದ ಹಾಗೆ ಮನೆಯ ಅರ್ಥಿಂಗ್ ಸರಿ ಇದೆಯಾ ನೋಡಿಸಿ. ನಮ್ಮ ಹಳೆ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಅದಕ್ಕೆ ವೈರೇ ಇರುವುದಿಲ್ಲ. ಹಾಗಿದ್ದರೆ ಯಂತ್ರದ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ, ಫರ್ಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಇನ್ನೂ ಜಾಸ್ತಿ.

ಇನ್ನೊಂದು ಸಣ್ಣ ಕೆಲಸ, ಇದರಿಂದಲೇ ಅರ್ಧ ಯಂತ್ರಗಳು ಏಳುತ್ತವೆ. ಸಾಕೆಟ್‌ನಲ್ಲಿ ಕೂತಿರುವ ಐಸಿಗಳು ಬಿಸಿಲು-ಚಳಿಗೆ ಹಿಗ್ಗಿ ಕುಗ್ಗಿ ವರ್ಷಗಳಲ್ಲಿ ಮೆಲ್ಲಗೆ ಮೇಲೆ ಏಳುತ್ತವೆ, ಕಾಲುಗಳಿಗೆ ಕಿಲುಬೂ ಹಿಡಿದಿರುತ್ತದೆ. ಪ್ಲಗ್ ತೆಗೆದು, ಮೊದಲು ನಲ್ಲಿಯನ್ನೋ ಕಿಟಕಿ ಸರಳನ್ನೋ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿ. ನಮ್ಮ ಒಣ ಹವೆಯಲ್ಲಿ ಇದು ಮುಖ್ಯ. ಆಮೇಲೆ ರಾಮ್, ರೋಮ್, ಪ್ರೊಸೆಸರ್, ಸಾಕೆಟ್‌ನಲ್ಲಿ ಇರುವುದನ್ನೆಲ್ಲ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. 'ಕಟ್' ಅಂತ ಚಿಕ್ಕ ಸದ್ದಾಗಿ ಕೂರುತ್ತವೆ. ಆ ಸದ್ದು ಕೇಳಲು ಎಷ್ಟು ಚೆನ್ನ ಗೊತ್ತಾ!

ಈಗ ಆನ್ ಮಾಡಿ. ಎರಡು ಸ್ವರ ಕೇಳಬೇಕು, ಮೊದಲು ದಪ್ಪ, ಆಮೇಲೆ ಸಣ್ಣ: 'ಬೂ-ಬೀಪ್'. ನಿಮಗೆ ಇದು ನೆನಪಿರಲೇಬೇಕು, ಇಡೀ ಲ್ಯಾಬಿನಲ್ಲಿ ಒಂದಾದ ಮೇಲೊಂದು ಕೇಳುತ್ತಿತ್ತು ಅಲ್ವಾ? ದಪ್ಪ ಸ್ವರವೇ ನಿಲ್ಲದೆ ಬರುತ್ತಿದ್ದರೆ ಪ್ರೊಸೆಸರ್ ಓಡುತ್ತಿಲ್ಲ ಅಂತ ಅರ್ಥ, ಮತ್ತೆ ಆ ಐಸಿಗಳನ್ನೇ ತೆಗೆದು ಕಾಲು ಒರೆಸಿ ಕೂರಿಸಿ. ಚಿತ್ರಕ್ಕೆ ಹಿಂದಿನ ಬಿಎನ್‌ಸಿ ತೂತು ಬಳಸಿ. ಅದಕ್ಕೆ ಹೊಂದುವ ಕನೆಕ್ಟರ್ ಸಿಸಿಟಿವಿ ಅಂಗಡಿಯಲ್ಲಿ ಸಿಗುತ್ತದೆ, ಇನ್ನೊಂದು ತುದಿ ಟಿವಿಯ ಹಳದಿ ತೂತಿಗೆ. ಕಪ್ಪು-ಬಿಳಿ ಬಂದರೆ ಅದು ದೋಷ ಅಲ್ಲ, ಆ ತೂತಿನಿಂದ ಸಾಮಾನ್ಯವಾಗಿ ಬರುವುದೇ ಹಾಗೆ. ಬಣ್ಣ ಬೇಕಿದ್ದರೆ ಪಕ್ಕದ ಆರ್‌ಜಿಬಿ ತೂತಿನಿಂದ ತೆಗೆಯಬೇಕು, ಅದನ್ನು ಆಮೇಲೆ ನೋಡೋಣ.

ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಬಂದಿತು ಅಂತ ಇಟ್ಟುಕೊಳ್ಳಿ. ಆಗ ತಕ್ಷಣ 'ಮೋಡ್ 4' ಕೊಟ್ಟು ನೋಡಿ, ಮೋಡ್ ಅಂದರೆ ಪರದೆಯ ಮೇಲೆ ತೋರಿಸುವ ಬಗೆ. ಆನ್ ಆದಾಗ ಬರುವ ಮೋಡ್ 7 ಬರೀ 1 ಕೆ ಮೆಮೊರಿ ಬಳಸುತ್ತದೆ, ಮೋಡ್ 4 ಬಳಸುವುದು 10 ಕೆ. ಮೊದಲನೆಯದು ಸರಿ ಇದ್ದು ಎರಡನೆಯದರಲ್ಲಿ ಕಸ ಕಂಡರೆ ರಾಮ್ ಅಥವಾ ವಿಡಿಯೊ ಐಸಿ ನೋಡಬೇಕು. ನಿಮ್ಮ ಪ್ರೋಗ್ರಾಂಗೆ ಮೋಡ್ 4ರಂಥದ್ದು ಬೇಕೇ ಬೇಕು. ಯಾಕೆಂದರೆ ಮೋಡ್ 7ರಲ್ಲಿ ನಾವೇ ಮಾಡಿದ ಅಕ್ಷರ ಬರುವುದಿಲ್ಲ, ಅದರ ಅಕ್ಷರಗಳು ಬೇರೆಯೇ ಒಂದು ಐಸಿಯಲ್ಲಿ ಅಚ್ಚಾಗಿವೆ.

ನಿಮ್ಮ ಪ್ರೋಗ್ರಾಂ ನಾನು ನೋಡಿಲ್ಲ, ಆದರೆ ಹೇಗೆ ಮಾಡಿದ್ದೀರಿ ಅಂತ ಊಹಿಸಬಲ್ಲೆ. ಚೌಕದ ನೋಟ್‌ಬುಕ್ಕಿನಲ್ಲಿ ಎಂಟಕ್ಕೆ ಎಂಟು ಮನೆ ಎಳೆದು, ತುಂಬಿದ ಮನೆಗಳನ್ನು 128, 64, 32, 16, 8, 4, 2, 1 ಅಂತ ಕೂಡಿಸಿ, ಸಾಲಿಗೊಂದು ಸಂಖ್ಯೆ ಬರೆದಿರುತ್ತೀರಿ. ಅನುಸ್ವಾರದ ಸೊನ್ನೆಯನ್ನು 224ನೇ ಅಕ್ಷರವಾಗಿ ಮಾಡುವ ಆದೇಶ 'ವಿಡಿಯು 23,224,0,60,66,66,66,66,60,0'. ಸೊನ್ನೆ ಸುಲಭ. 'ಣ', 'ಞ', 'ಝ' ಎಂಟು ಚುಕ್ಕೆಯಲ್ಲಿ ಹಿಡಿಯುವುದಿಲ್ಲ, ಎರಡೆರಡು ಅಕ್ಷರದ ಜಾಗ ಬೇಕು. ಯಂತ್ರ ಸುಮ್ಮನೆ ಬಿಟ್ಟುಕೊಡುವುದು 224ರಿಂದ 255ರ ತನಕ 32 ಅಕ್ಷರದ ಜಾಗ ಮಾತ್ರ, ಎರಡೆರಡು ಹೋದರೆ ಒಂದು ಸಲಕ್ಕೆ ಹದಿನಾರೇ ಅಕ್ಷರ. ವರ್ಣಮಾಲೆ 49. ಹಾಗಾಗಿ ಪಾಠಕ್ಕೊಂದು ಸಲ ಅಕ್ಷರ ಬದಲಿಸುವ ಉಪಾಯ ಏನೋ ಮಾಡಿರಲೇಬೇಕು. ಅದನ್ನು ನೋಡಲು ನನಗೂ ಆಸೆ ಇದೆ. ಆ ನೋಟ್‌ಬುಕ್ ಇದ್ದರೆ ಅದನ್ನೂ ಜೋಪಾನ ಮಾಡಿ.

ಟೇಪ್ ಲೋಡ್ ಆಗುವಾಗ ಪರದೆಯ ಮೇಲೆ ಹೆಸರು, ಪಕ್ಕದಲ್ಲಿ ಬ್ಲಾಕ್ ಸಂಖ್ಯೆ ಏರುತ್ತಾ ಹೋಗುತ್ತದೆ. 'ಡೇಟಾ?' ಅಂತ ಬಂದು ನಿಂತರೆ ಆ ಬ್ಲಾಕ್ ಸರಿಯಾಗಿ ಓದಲಿಲ್ಲ ಅಂತ. ಒಂದು ಬ್ಲಾಕ್ ಅಂದರೆ 256 ಬೈಟ್ ಮಾತ್ರ. ಸ್ವಲ್ಪ ಹಿಂದೆ ಸುತ್ತಿ ಮತ್ತೆ ಬಿಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ, ಮೊದಲಿಂದ ಶುರು ಮಾಡಬೇಕಿಲ್ಲ. ವೇವ್ ಫೈಲಿನಿಂದ ಕೊಡುತ್ತಿದ್ದರೆ ಧ್ವನಿ ಮುಕ್ಕಾಲಿಗೆ ಇಟ್ಟು ಅಲ್ಲಿಂದ ಹೆಚ್ಚು ಕಡಿಮೆ ಮಾಡಿ.

ಪ್ರಶ್ನೆ: ನಮ್ಮ ದೊಡ್ಡಪ್ಪ ಕುವೈತಿನಲ್ಲಿದ್ದರು. ಅವರು ತಂದ ಒಂದು ಕಂಪ್ಯೂಟರ್ ಸಿಕ್ಕಿದೆ, ಕೀಲಿಗಳ ಮೇಲೆ ಅರೇಬಿಕ್ ಇದೆ, 'ಸಖ್ರ್' ಅಂತ ಹೆಸರು. ಆನ್ ಆಗುತ್ತೆ, ಲೈಟ್ ಬರುತ್ತೆ, ಟಿವಿಯಲ್ಲಿ ಏನೂ ಇಲ್ಲ. ಬಿಸಾಡಬೇಕಾ? (ಬಸವಕಲ್ಯಾಣದಿಂದ, ಬಿ.ಎಸ್ಸಿ. ವಿದ್ಯಾರ್ಥಿ)

ಉತ್ತರ: ಬೇಡ ತಮ್ಮಾ, ಬೇಡ! ನಿನ್ನ ಹತ್ತಿರ ಇರುವುದು ಎಮ್‌ಎಸ್‌ಎಕ್ಸ್ ಜಾತಿಯ ಯಂತ್ರ. 1983ರಲ್ಲಿ ಮೈಕ್ರೊಸಾಫ್ಟ್ ಮತ್ತು ಜಪಾನಿನ ಆಸ್ಕಿ ಕಂಪನಿ ಸೇರಿ, ಬೇರೆ ಬೇರೆ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರೋಗ್ರಾಂ ಓಡಲಿ ಅಂತ ಮಾಡಿದ ಪದ್ಧತಿ ಅದು. ಒಳಗೆ ಜೆಡ್80 ಪ್ರೊಸೆಸರ್. ಕುವೈತಿನ ಅಲ್-ಆಲಮಿಯಾ ಕಂಪನಿ ಇವನ್ನು ಜಪಾನಿನಲ್ಲಿ ಮಾಡಿಸಿ ಅರೇಬಿಕ್ ಸೇರಿಸಿ ಮಾರಿತು. ಸಖ್ರ್ ಅಂದರೆ ಬಂಡೆ. ನಿಮ್ಮ ಊರಲ್ಲಿ ಉರ್ದು ಬಲ್ಲ ಹಿರಿಯರು ಎಷ್ಟು ಜನ ಇಲ್ಲ! ಅವರಲ್ಲಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೋ, ಕೀಲಿ ಅವರು ಓದುತ್ತಾರೆ. ಉರ್ದುವಿನ ಪ, ಚ, ಗ, ಟ, ಡ ಥರದ ಕೆಲವು ಅಕ್ಷರ ಮಾತ್ರ ಅರೇಬಿಕ್ ವರ್ಣಮಾಲೆಯಲ್ಲಿ ಇಲ್ಲ.

ಮೊದಲು ಹಿಂದಿನ ಪಟ್ಟಿ ಓದು. ಕುವೈತಿನದು 240 ವೋಲ್ಟ್, 50 ಹರ್ಟ್ಜ್, ನಮ್ಮಲ್ಲಿ ತೊಂದರೆ ಇಲ್ಲ. ಸೌದಿಯಿಂದ ಬಂದ ಸಾಮಾನಾಗಿದ್ದರೆ 110 ಅಥವಾ 127 ಅಂತ ಇರಬಹುದು, ಅಲ್ಲಿ ಆಗ ಮನೆಗಳಿಗೆ 127 ವೋಲ್ಟ್ ಬರುತ್ತಿತ್ತು. ಅಂಥದ್ದನ್ನು ನಮ್ಮ ಸಾಕೆಟ್ಟಿಗೆ ನೇರವಾಗಿ ಕೊಟ್ಟರೆ ಮುಗಿಯಿತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಗಲ್ಫಿನಿಂದ ಬಂದ ಯಾವ ಸಾಮಾನಿಗೂ ಈ ಮಾತು ಹೇಳುತ್ತೇನೆ.

ಚಿತ್ರ ಇಲ್ಲ ಅಂದ ಮಾತ್ರಕ್ಕೆ ಯಂತ್ರ ಸತ್ತಿಲ್ಲ. ಕ್ಯಾಪ್ಸ್ ಕೀಲಿ ಒತ್ತು, ಅದರ ಲೈಟ್ ಹತ್ತಿ ಆರುತ್ತಾ? ಧ್ವನಿ ತೂತನ್ನು ಸ್ಪೀಕರಿಗೆ ಕೊಟ್ಟು ಬೇರೆ ಕೀಲಿ ಒತ್ತು, 'ಟಿಕ್' ಅನ್ನುತ್ತಾ? ಎರಡೂ ಆದರೆ ಪ್ರೊಸೆಸರ್ ಓಡುತ್ತಿದೆ, ತೊಂದರೆ ಚಿತ್ರದ ದಾರಿಯಲ್ಲಿದೆ, ಅಂದರೆ ವೈರ್, ತೂತಿನ ಬೆಸುಗೆ, ಟಿವಿಯ ಎವಿ ಆಯ್ಕೆ. ಆಂಟೆನಾ ತೂತಿಗೆ ಕೊಟ್ಟು ಒದ್ದಾಡಬೇಡ, ನೇರ ವಿಡಿಯೊ ತೂತು ಹುಡುಕು. ಎರಡೂ ಆಗದಿದ್ದರೆ ಒಳಗಿನ 5 ವೋಲ್ಟ್ ಅಳೆಯಬೇಕು. ಅಷ್ಟರಲ್ಲಿ ಕಾರ್ಟ್ರಿಜ್ ಹಾಕುವ ಬಾಯಿಯನ್ನು ಸ್ವಚ್ಛ ಮಾಡು, ಅಲ್ಲಿ ಧೂಳು ತುಂಬಿ ಎರಡು ಪಿನ್ ತಾಗಿದ್ದರೂ ಯಂತ್ರ ಏಳುವುದಿಲ್ಲ.

ದೊಡ್ಡಪ್ಪ ಇದ್ದಾರಾ? ಇದ್ದರೆ ಇದನ್ನು ಯಾಕೆ ತಂದರು, ಏನು ಮಾಡುತ್ತಿದ್ದರು, ಕೇಳಿ ಬರೆದಿಟ್ಟುಕೋ.

ಪ್ರಶ್ನೆ: ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಂ ಪ್ಲಸ್ ಕಂಪ್ಯೂಟರ್ ಇದೆ. ಆನ್ ಆಗುತ್ತೆ, 'ಸಿಂಕ್ಲೇರ್ ರಿಸರ್ಚ್ 1982' ಅಂತ ಸಾಲು ಬರುತ್ತೆ. ಆದರೆ ಕ್ಯೂ, ಡಬ್ಲ್ಯೂ, ಇ, ಆರ್, ಟಿ ಐದೂ ಕೆಲಸ ಮಾಡಲ್ಲ. ಐಸಿ ಹೋಗಿದೆಯಾ? ಅಡಾಪ್ಟರ್ ಕೂಡ ಹಳೆಯದು, ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಹಾಕಬಹುದಾ? (ಯಾದಗಿರಿಯಿಂದ)

ಉತ್ತರ: ಎರಡನೇ ಪ್ರಶ್ನೆಗೆ ಮೊದಲು: ಹಾಕಲೇಬೇಡಿ. ಸ್ಪೆಕ್ಟ್ರಂಗೆ 9 ವೋಲ್ಟ್ ಡಿಸಿ ಬೇಕು, ಆದರೆ ಪಿನ್ನಿನ ಒಳಭಾಗ ಮೈನಸ್, ಹೊರಗೆ ಪ್ಲಸ್. ವೈಫೈ, ಸಿಸಿಟಿವಿ ಅಡಾಪ್ಟರ್‌ಗಳೆಲ್ಲ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಪಿನ್ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ಹೊಸದು ಕೊಂಡರೆ ಚಿಹ್ನೆ ನೋಡಿ, ಮೀಟರ್ ಹಿಡಿದು ಖಚಿತ ಮಾಡಿಕೊಂಡು ಹಾಕಿ. ಒಂದೂವರೆ ಆಂಪಿಯರ್ ಇರಲಿ.

ಕೀಲಿ ವಿಷಯಕ್ಕೆ, ಐಸಿ ಹೋಗಿಲ್ಲ ಅಂತಲೇ ನನ್ನ ನಂಬಿಕೆ. ನೀವೇ ಉತ್ತರ ಬರೆದಿದ್ದೀರಿ ನೋಡಿ: ಐದು, ಅದೂ ಒಂದೇ ಸಾಲಿನ ಅರ್ಧ. ಸ್ಪೆಕ್ಟ್ರಂ ಕೀಲಿಗಳು ಎಂಟು ಗುಂಪು, ಗುಂಪಿಗೆ ಐದು. ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆಯಿಂದ ಎರಡು ಪಟ್ಟಿ ಬೋರ್ಡಿಗೆ ಇಳಿಯುತ್ತವೆ, ಒಂದರಲ್ಲಿ ಎಂಟು ಗೆರೆ, ಇನ್ನೊಂದರಲ್ಲಿ ಐದು. ಎಂಟು ಗೆರೆಯ ಪಟ್ಟಿಯಲ್ಲಿ ಒಂದು ತುಂಡಾದರೆ ಐದು ಕೀಲಿ ಒಟ್ಟಿಗೆ ಹೋಗುತ್ತವೆ. ಐದು ಗೆರೆಯದರಲ್ಲಿ ತುಂಡಾದರೆ ಎಂಟು ಹೋಗುತ್ತವೆ, ಗುಂಪಿಗೊಂದರಂತೆ. ಆ ಪ್ಲಾಸ್ಟಿಕ್ ವಯಸ್ಸಾಗಿ ಹಪ್ಪಳದ ಹಾಗಾಗಿರುತ್ತದೆ, ಮುಚ್ಚಳ ತೆಗೆಯುವಾಗ ಒಂದು ಸಲ ಬಾಗಿದರೆ ಸಾಕು. ಆದ್ದರಿಂದ ಮುಚ್ಚಳವನ್ನು ಪೂರ್ತಿ ಎತ್ತದೆ, ಎರಡು ಬೆರಳಿನಷ್ಟು ಎತ್ತಿ ಒಳಗೆ ನೋಡಿ ಪಟ್ಟಿ ಬಿಡಿಸಿ. ಬಿರುಕು ತೀರಾ ತುದಿಯಲ್ಲಿದ್ದರೆ ಕತ್ತರಿಯಿಂದ ಅಷ್ಟು ನೇರವಾಗಿ ಕತ್ತರಿಸಿ ಉಳಿದದ್ದನ್ನು ಸಾಕೆಟ್ಟಿಗೆ ಹಾಕಬಹುದು, ಪಟ್ಟಿಯ ಉದ್ದ ಸಾಲುವಂತಿದ್ದರೆ. ಮೇಲೆ ಎಲ್ಲೋ ಮುರಿದಿದ್ದರೆ ಬೆಳ್ಳಿ ಪೇಂಟ್ ಹಚ್ಚಿ ಸಮಯ ಕಳೆಯಬೇಡಿ, ಬಾಗುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಹೊಸ ಹಾಳೆಗಳನ್ನು ಈಗಲೂ ಮಾಡಿ ಮಾರುತ್ತಾರೆ, ತರಿಸಿಕೊಳ್ಳಿ.

ಇನ್ನೊಂದು, ಕರೆಂಟ್ ಇರುವಾಗ ಹಿಂದಿನ ಉದ್ದ ಕನೆಕ್ಟರಿಗೆ ಏನನ್ನೂ ಹಾಕಬೇಡಿ, ತೆಗೆಯಬೇಡಿ. ಒಳಗಿನ 16 ಕೆ ಮೆಮೊರಿಗೆ 5, 12, ಮೈನಸ್ 5, ಮೂರೂ ವೋಲ್ಟ್ ಬೇಕು. ಕನೆಕ್ಟರ್ ಓರೆಯಾಗಿ ತಾಗಿದರೆ ಅವು ಅದಲು ಬದಲಾಗಿ ಮೆಮೊರಿಯೂ ಹೋಗುತ್ತದೆ, ವೋಲ್ಟ್ ಮಾಡುವ ಟ್ರಾನ್ಸಿಸ್ಟರ್ ಕೂಡ.

ಪ್ರಶ್ನೆ: ಹಳೆ ಕಂಪ್ಯೂಟರಿನ ಮೈ ಹಳದಿಯಾಗಿದೆ. ಬಿಳಿ ಮಾಡಬಹುದಂತೆ, ನಿಜವಾ? (ಸೇಡಂನಿಂದ)

ಉತ್ತರ: ಮಾಡಬಹುದು. ಬೆಂಕಿ ಹಿಡಿಯದಿರಲಿ ಅಂತ ಆ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಇರುವ ರಾಸಾಯನಿಕ ಸೇರಿಸುತ್ತಿದ್ದರು, ಬೆಳಕಿಗೆ ಗಾಳಿಗೆ ಅದು ಹಳದಿಯಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ, ಪಾರದರ್ಶಕ ಡಬ್ಬಿಯಲ್ಲಿ ಬೆಳಗಿನ ಬಿಸಿಲಿಗೆ ಇಟ್ಟರೆ ಒಂದೆರಡು ದಿನಕ್ಕೆ ತಿಳಿಯಾಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಬ್ಯೂಟಿ ಪಾರ್ಲರಿನ 12 ಪರ್ಸೆಂಟ್ ಕ್ರೀಮ್ ಹಚ್ಚುವವರೂ ಇದ್ದಾರೆ, ಆದರೆ ನಮ್ಮ ಬಿಸಿಲಿಗೆ ಅದು ಅಲ್ಲಲ್ಲಿ ಒಣಗಿ ಗೆರೆ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ ಸಾಕು. ಬಿಳಿ ಮಾಡಿದ್ದು ಕೆಲವು ವರ್ಷಕ್ಕೆ ಮತ್ತೆ ಹಳದಿಯಾಗುತ್ತದೆ.

ಪ್ರಶ್ನೆ: ಬಿಡಿಭಾಗ ಎಲ್ಲಿ ಸಿಗುತ್ತವೆ? ಮತ್ತೆ ನಮ್ಮೂರಿನ ವೋಲ್ಟೇಜಿಗೆ ಇವು ತಾಳುತ್ತವಾ? (ಚಿತ್ತಾಪುರದಿಂದ)

ಉತ್ತರ: ಕಂಡೆನ್ಸರ್, ಸಾಕೆಟ್, ರೆಗ್ಯುಲೇಟರ್ ಎಲ್ಲ ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿಯಲ್ಲಿ ಸಿಗುತ್ತವೆ. ನಮಗೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಅದೇ ಹತ್ತಿರ, ಬೆಳಗ್ಗೆ ರೈಲು ಹತ್ತಿದರೆ ರಾತ್ರಿ ಮನೆ. ಹಳೆ ಕಂಡೆನ್ಸರ್ ಒಂದನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಎಲ್ಲ ಕಂಡೆನ್ಸರ್ ಒಂದೇ ಸಲ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಉಬ್ಬಿದ್ದು, ಸೋರಿದ್ದು, ಅಳತೆಯಲ್ಲಿ ಕಡಿಮೆ ಬಂದದ್ದು, ಅವನ್ನು ಬದಲಿಸಿ. ಚೆನ್ನಾಗಿರುವ ಬೋರ್ಡಿಗೆ ಸುಮ್ನೆ ಕಾಯಿಸಿದ ಕಬ್ಬಿಣ ಹಚ್ಚಿದರೆ ತಾಮ್ರದ ಗೆರೆ ಎದ್ದು ಬರುತ್ತದೆ.

ವೋಲ್ಟೇಜ್ ವಿಷಯ. ಬಿಬಿಸಿಯಂಥ ಎಸ್‌ಎಂಪಿಎಸ್ (ವೋಲ್ಟೇಜ್ ತಾನೇ ಸರಿದೂಗಿಸುವ ಪವರ್ ಸಪ್ಲೈ) ಇರುವ ಯಂತ್ರ ಸ್ವಲ್ಪ ಏರಿಳಿತ ತಡೆಯುತ್ತದೆ. ಸ್ಪೆಕ್ಟ್ರಂನಂತೆ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಇರುವುದು ತಡೆಯುವುದಿಲ್ಲ. ಸಂಜೆ ಪಂಪ್‌ಸೆಟ್ ಎಲ್ಲ ಓಡುವಾಗ ಮನೆಗೆ 170-180 ವೋಲ್ಟ್ ಬಂದರೆ ಅಡಾಪ್ಟರಿನ 9 ವೋಲ್ಟ್ ಕೂಡ ಇಳಿಯುತ್ತದೆ, 7ಕ್ಕಿಂತ ಕೆಳಗೆ ಹೋದರೆ ಒಳಗಿನ 7805 ರೆಗ್ಯುಲೇಟರಿಗೆ 5 ವೋಲ್ಟ್ ಹಿಡಿದಿಡಲು ಆಗುವುದಿಲ್ಲ. ಯಂತ್ರ ತಾನಾಗೇ ರೀಸೆಟ್ ಆಗುತ್ತದೆ, ನೀವು ಐಸಿ ಹಾಳಾಗಿದೆ ಅಂದುಕೊಳ್ಳುತ್ತೀರಿ. ಟಿವಿಯ ಸ್ಟೆಬಿಲೈಸರ್ ಸಾಕು. ಚೌಕ ಅಲೆಯ ಹಳೆ ಇನ್ವರ್ಟರಿನ ಮೇಲೆ ಓಡಿಸಬೇಡಿ, ಅಡಾಪ್ಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಮಧ್ಯಾಹ್ನ ಬೇಡ. ಬೆಳಗ್ಗೆ ಎಂಟರ ಒಳಗೆ, ಫ್ಯಾನ್ ಕೆಳಗೆ, ಕೆಳಗಿನ ಗಾಳಿ ತೂತು ಮುಚ್ಚದ ಹಾಗೆ ಹಲಗೆಯ ಮೇಲೆ ಇಟ್ಟು ಓಡಿಸಿ.